ಮದುವೆ ಕಾನೂನಿನ ಚರಿತ್ರೆ: ತರಗತಿಯಲ್ಲಿ ಹೇಳಿಕೊಡುವುದು ಹೇಗೆ?

ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡುವವಳು ನಾನು. ಈ ಪಾಠ ಬಂದಾಗ ಸುಮ್ನೆ ಇಸವಿಗಳನ್ನು ಬರೆಸಿ ಮುಗಿಸಬೇಡಿ. ರುಖ್ಮಾಬಾಯಿ ಅವರಿಂದ ಶುರು ಮಾಡಿ.

ಮದುವೆಯಾದಾಗ ಅವರಿಗೆ 11 ವರ್ಷ. ದೊಡ್ಡವರಾದ ಮೇಲೆ ಗಂಡನ ಮನೆಗೆ ಹೋಗಲ್ಲ ಅಂದರು. ಗಂಡ ದಾದಾಜಿ 1884ರಲ್ಲಿ ಬಾಂಬೆ ಹೈಕೋರ್ಟಿಗೆ ಹೋದ. ಮರುವರ್ಷ ತೀರ್ಪು ರುಖ್ಮಾಬಾಯಿ ಪರ ಬಂತು. 1887ರಲ್ಲಿ ಅದು ತಿರುಗಿಬಿತ್ತು: ಗಂಡನ ಮನೆಗೆ ಹೋಗಬೇಕು, ಇಲ್ಲವೇ ಆರು ತಿಂಗಳು ಜೈಲು. ಜೈಲಿಗೇ ಹೋಗುತ್ತೇನೆ ಅಂದರು ಅವರು. ಇಲ್ಲಿ ನಿಲ್ಲಿಸಿ. ಯಾಕೆ ಹಾಗಂದಿರಬಹುದು ಅಂತ ಮಕ್ಕಳೇ ಹೇಳಲಿ, ಅವಸರ ಬೇಡ. 1888ರಲ್ಲಿ 2,000 ರೂಪಾಯಿಗೆ ರಾಜಿಯಾದದ್ದು, ಅವರು ಲಂಡನ್ನಿನಲ್ಲಿ ಓದಿ ಡಾಕ್ಟರಾದದ್ದು ಆಮೇಲೆ ಹೇಳಿದರೆ ಸಾಕು.

ಈಗ ಬೋರ್ಡಿನ ಮೇಲೆ ವಯಸ್ಸುಗಳನ್ನು ಬರೆಯಿರಿ. 1891ರಲ್ಲಿ ಒಪ್ಪಿಗೆಯ ವಯಸ್ಸು 10ರಿಂದ 12ಕ್ಕೆ ಏರಿತು. ಇದು ಮದುವೆಯ ವಯಸ್ಸಲ್ಲ, ಎರಡನ್ನೂ ಬೆರೆಸಬೇಡಿ. ಹೆಂಡತಿಗೆ 12 ತುಂಬುವ ತನಕ ಗಂಡನೂ ಕೂಡುವಂತಿಲ್ಲ ಅಂದಿತೇ ಹೊರತು ಮದುವೆಯನ್ನು ತಡೆಯಲಿಲ್ಲ. ಇಷ್ಟನ್ನೂ ತಿಲಕರು ವಿರೋಧಿಸಿದ್ದರು. ಅದನ್ನು ಮುಚ್ಚಿಡಬೇಡಿ.

ನಮ್ಮ ಮೈಸೂರು ಸಂಸ್ಥಾನ 1894ರಲ್ಲಿ 8 ವರ್ಷದೊಳಗಿನ ಹುಡುಗಿಯರ ಮದುವೆ ನಿಷೇಧಿಸಿತು. 50 ದಾಟಿದ ಗಂಡಸು 14ರ ಒಳಗಿನ ಹುಡುಗಿಯನ್ನು ಮದುವೆಯಾಗಬಾರದು ಎಂದೂ ಅದರಲ್ಲಿತ್ತು. ಅಂಥ ಮದುವೆಗಳು ನಡೆಯುತ್ತಿದ್ದವು ಅಂತ ತಾನೇ ಅದರರ್ಥ? ಮುಂದೆ ಬಾಲ್ಯವಿವಾಹ ತಡೆಯುವ ಶಾರದಾ ಕಾಯ್ದೆ, 1929: ಹುಡುಗಿಯ ಮದುವೆಗೆ ಕನಿಷ್ಠ ವಯಸ್ಸು 14. ಅದು 18 ಆಗಿದ್ದು 1978ರಲ್ಲಿ.

ಕಾನೂನು ಏನು ಕೊಟ್ಟಿತು ಅನ್ನುವುದರ ಜೊತೆಗೆ ಏನು ಕಿತ್ತುಕೊಂಡಿತು ಅಂತಲೂ ಕೇಳಿಸಿ. 1856ರ ವಿಧವಾ ಮರುವಿವಾಹ ಕಾಯ್ದೆಯನ್ನು ಎಲ್ಲರೂ ಹೊಗಳುತ್ತಾರೆ, ಅಲ್ವಾ? ಅದರ ಎರಡನೇ ಕಲಮು ಓದಿಸಿ. ಮತ್ತೆ ಮದುವೆಯಾದ ಹೆಂಗಸಿಗೆ ಸತ್ತ ಗಂಡನ ಆಸ್ತಿಯ ಮೇಲಿನ ಹಕ್ಕು ಹೋಗುತ್ತಿತ್ತು. ಮದುವೆ ಬೇಕೋ, ಹೊಲಮನೆ ಬೇಕೋ ಎಂದು ಆರಿಸುವ ಪಾಡು! ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

ಅಲ್ಲಿಂದ ಆಸ್ತಿಯ ವಿಷಯಕ್ಕೆ ಬನ್ನಿ. ಹಿಂದೂಗಳ ಮದುವೆ, ಆಸ್ತಿಯ ಕಾನೂನನ್ನು ಬದಲಿಸಹೊರಟ ಹಿಂದೂ ಕೋಡ್ ಬಿಲ್ ಮುಂದೆ ಸಾಗದಿದ್ದಾಗ 1951ರಲ್ಲಿ ಅಂಬೇಡ್ಕರರು ಮಂತ್ರಿಗಿರಿ ಬಿಟ್ಟದ್ದನ್ನು ಹೇಳಿ. ಆಮೇಲೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಆರನೇ ಕಲಮು, 2005ರ ತಿದ್ದುಪಡಿಯಾದ ಅದೇ ಕಲಮು, ಎರಡನ್ನೂ ಜೆರಾಕ್ಸ್ ಮಾಡಿಸಿ ಕೊಡಿ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಯಾವುದರಲ್ಲಿ ಏನು ಸಿಕ್ಕಿತು ಅಂತ ಮಕ್ಕಳು ಮನೆಯಲ್ಲಿ ಓದಿ ಬರೆದುಕೊಂಡು ಬರಲಿ.