ಎಂ.ಎಡ್. ಪ್ರಬಂಧಕ್ಕೆ ವಿಷಯ ಹುಡುಕುವವರಿಗೆ

'ಶಿಕ್ಷಣದ ಮೇಲೆ ತಂತ್ರಜ್ಞಾನದ ಪರಿಣಾಮ' ಎಂಬ ಶೀರ್ಷಿಕೆ ಹಿಡಿದು ಬರುವ ವಿದ್ಯಾರ್ಥಿಗಳಿಗೆ ನಾನು ಮೊದಲು ಹೇಳುವುದು ಇಷ್ಟೆ: ಒಂದು ತರಗತಿ, ಒಂದು ಪಾಠ, ಒಂದು ಸಾಧನ ಆರಿಸಿಕೊಳ್ಳಿ.

ನಮ್ಮ ಪಠ್ಯಪುಸ್ತಕಗಳನ್ನೇ ತೆರೆದು ನೋಡಿ. 2017ರಲ್ಲಿ ಆರಂಭವಾದ ದೀಕ್ಷಾ ಎಂಬ ಸರ್ಕಾರಿ ಆನ್‌ಲೈನ್ ಕಲಿಕಾ ವೇದಿಕೆಗೆ ಕರೆದೊಯ್ಯುವ ಕ್ಯೂಆರ್ ಕೋಡ್‌ಗಳು ಅಲ್ಲಿವೆ. ಮನೆಯಲ್ಲಿ ಅವನ್ನು ಯಾರು ತೆರೆಯುತ್ತಾರೆ? ಸಂಜೆ ಮೊಬೈಲ್ ಯಾರ ಕೈಯಲ್ಲಿರುತ್ತದೆ? ಅಕ್ಕ, ತಮ್ಮ ಇಬ್ಬರೂ ಓದುವ ಮನೆಯಲ್ಲಿ ಮೊದಲ ಸರದಿ ಯಾರದು? ಈ ಕೊನೆಯ ಪ್ರಶ್ನೆಯೊಂದೇ ಪೂರ್ಣ ಪ್ರಬಂಧಕ್ಕೆ ಸಾಕು. ಯಾರಾದರೂ ಅದನ್ನು ಕೈಗೆತ್ತಿಕೊಳ್ಳಲಿ ಎಂಬುದು ನನ್ನ ಬಹುದಿನದ ಆಸೆ.

ಕಲಿಕೆಯನ್ನೇ ಅಳೆಯಬೇಕೆಂದರೆ ಎಂಟನೇ ತರಗತಿಯ ಚತುರ್ಭುಜಗಳ ಅಧ್ಯಾಯ ಹಿಡಿಯಿರಿ. ಒಂದು ವಿಭಾಗಕ್ಕೆ ಪರದೆಯ ಮೇಲೆ ಆಕೃತಿಗಳನ್ನು ರಚಿಸಿ ಬದಲಿಸಿ ನೋಡಬಹುದಾದ ಜಿಯೋಜಿಬ್ರಾ ಎಂಬ ಗಣಿತ ತಂತ್ರಾಂಶದಲ್ಲಿ, ಇನ್ನೊಂದಕ್ಕೆ ಕಪ್ಪುಹಲಗೆಯ ಮೇಲೆ ಪಾಠವಾಗಲಿ. ಕಲಿಸುವವರು ಮಾತ್ರ ಒಬ್ಬರೇ ಇರಬೇಕು. ಇಲ್ಲವಾದರೆ ವ್ಯತ್ಯಾಸ ಸಾಧನದ್ದೋ ಶಿಕ್ಷಕರದ್ದೋ ತಿಳಿಯದು. ಪಾಠಕ್ಕೆ ಮೊದಲು, ಮುಗಿದ ಕೂಡಲೇ, ಮತ್ತೆ ತಿಂಗಳ ನಂತರ ಪರೀಕ್ಷಿಸಿ. ಹೆಚ್ಚಿನವರು ಈ ಮೂರನೆಯದನ್ನು ಬಿಟ್ಟುಬಿಡುತ್ತಾರೆ. ಹೊಸ ಪರದೆಯ ಹುರುಪು ಇಳಿದ ಮೇಲೂ ಮಕ್ಕಳಿಗೆ ಏನು ನೆನಪಿದೆ ಎಂಬುದು ಅಲ್ಲಿಯೇ ಗೊತ್ತಾಗುವುದು.

'ನಿಮಗೆ ಇಷ್ಟವಾಯಿತೇ?' ಎಂಬ ಪ್ರಶ್ನಾವಳಿಯನ್ನೇ ನಂಬಬೇಡಿ. ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತು, ಸ್ಮಾರ್ಟ್ ಬೋರ್ಡ್ ಇದ್ದ ದಿನ ಎಷ್ಟು ಮಕ್ಕಳು ತಾವಾಗಿಯೇ ಪ್ರಶ್ನೆ ಕೇಳಿದರು, ಇಲ್ಲದ ದಿನ ಎಷ್ಟು ಎಂದು ಬರೆದುಕೊಳ್ಳಿ.

ಮುಖ್ಯ ಶಿಕ್ಷಕರ, ಪೋಷಕರ ಲಿಖಿತ ಒಪ್ಪಿಗೆ ಮೊದಲೇ ಪಡೆಯಿರಿ. ಅಧ್ಯಯನ ಮುಗಿದ ಮೇಲೆ ಕಪ್ಪುಹಲಗೆಯ ವಿಭಾಗದ ಮಕ್ಕಳಿಗೂ ಜಿಯೋಜಿಬ್ರಾ ಪಾಠ ಮಾಡಿಸಿ.