ಮುಚ್ಚಿದೊಡನೆ ಹಳೆಯ ಚಿತ್ರಕ್ಕೆ ಮರಳುವ ಐಕಾನ್: ಸರಿಪಡಿಸುವುದು ಹೇಗೆ?

ಕ್ಯಾಲೆಂಡರ್ ತಂತ್ರಾಂಶದ ಐಕಾನ್ ಯಾವುದೋ ಹಳೆಯ ತಾರೀಖನ್ನು ತೋರಿಸುತ್ತಿರುತ್ತದೆ. ತಂತ್ರಾಂಶವನ್ನು ತೆರೆದ ಕೂಡಲೇ ಇಂದಿನ ತಾರೀಖು ಬರುತ್ತದೆ, ಮುಚ್ಚಿದರೆ ಮತ್ತೆ ಹಳೆಯದೇ. ಮೇಲ್ ಐಕಾನಿನ ಮೂಲೆಯಲ್ಲಿ ಕಾಣುವ, ಓದದ ಪತ್ರಗಳ ಸಂಖ್ಯೆಯ ಕಥೆಯೂ ಇದೇ. ಇದನ್ನು ಕಂಡವರಲ್ಲಿ ಬಹುಪಾಲು ಮಂದಿ ಮೊದಲು ಐಕಾನ್ ಕ್ಯಾಶ್ (ಐಕಾನ್ ಚಿತ್ರಗಳ ತಾತ್ಕಾಲಿಕ ಸಂಗ್ರಹ) ಅಳಿಸುತ್ತಾರೆ, ಅದರಿಂದ ಪ್ರಯೋಜನವಾಗದಿದ್ದರೆ ತಂತ್ರಾಂಶವನ್ನೇ ತೆಗೆದು ಮತ್ತೆ ಹಾಕುತ್ತಾರೆ. ಎರಡೂ ವ್ಯರ್ಥ ಶ್ರಮ, ಏಕೆಂದರೆ ಇಲ್ಲಿ ಏನೂ ಕೆಟ್ಟಿರುವುದಿಲ್ಲ.

ಡಿಸ್ಕ್‌ನಲ್ಲಿ ತಂತ್ರಾಂಶದ ಜೊತೆಗೆ ಇರುವುದು ಒಂದು ಸ್ಥಿರ ಚಿತ್ರ ಮಾತ್ರ. ತಾರೀಖು, ಸಂಖ್ಯೆ, ಗ್ರಾಫ್ ಮೊದಲಾದವನ್ನು ತಂತ್ರಾಂಶವು ತಾನು ಓಡುತ್ತಿರುವಾಗ ಆ ಚಿತ್ರದ ಬದಲಿಗೆ ಅಥವಾ ಅದರ ಮೇಲೆ ತೋರಿಸುವಂತೆ ಕಾರ್ಯಾಚರಣಾ ವ್ಯವಸ್ಥೆಯನ್ನು ಕೇಳಿಕೊಳ್ಳುತ್ತದೆ, ಮತ್ತು ತಂತ್ರಾಂಶ ನಿಂತೊಡನೆ ಆ ಕೋರಿಕೆಯೂ ರದ್ದಾಗಿ ಮೂಲ ಚಿತ್ರ ಉಳಿಯುತ್ತದೆ. ಆ್ಯಪಲ್‌ನ ಕ್ಯಾಲೆಂಡರ್ ತಂತ್ರಾಂಶವಾದ ಐಕ್ಯಾಲ್ ಕೂಡ ವರ್ಷಗಟ್ಟಲೆ ಹೀಗೆಯೇ ಇತ್ತು. ಅದನ್ನು 2002ರ ಜುಲೈ 17ರಂದು ಪ್ರಕಟಿಸಲಾಗಿತ್ತಾದ್ದರಿಂದ, ಓಡದಿರುವಾಗ ಅದರ ಐಕಾನ್ ಸದಾ ಜುಲೈ 17 ಎಂದೇ ಹೇಳುತ್ತಿತ್ತು. ಮ್ಯಾಕ್ ಕಾರ್ಯಾಚರಣಾ ವ್ಯವಸ್ಥೆಯ 2007ರ ಲೆಪರ್ಡ್ ಆವೃತ್ತಿಯಲ್ಲಿ ಇದು ಸರಿಹೋಯಿತು. 2009ರ ಸ್ನೋ ಲೆಪರ್ಡ್‌ನಿಂದ ಇತರ ತಂತ್ರಾಂಶಗಳವರಿಗೂ ಡಾಕ್‌ಗೆಂದು (ಮ್ಯಾಕ್ ಪರದೆಯ ಅಂಚಿನ ಐಕಾನ್‌ಗಳ ಸಾಲು) ಪುಟ್ಟ ಪ್ಲಗಿನ್, ಅಂದರೆ ಸೇರ್ಪಡೆ ತುಣುಕು, ಬರೆಯುವ ಅವಕಾಶ ದೊರೆಯಿತು. ತಂತ್ರಾಂಶ ನಿಂತಿದ್ದರೂ ಆ ಪ್ಲಗಿನ್ ಐಕಾನನ್ನು ಬದಲಿಸಬಲ್ಲದು, ಆದರೆ ಅದನ್ನು ಬರೆಯುವ ಗೋಜಿಗೆ ಹೋದವರು ಕಡಿಮೆ.

ಹಂತ 1: ಪರೀಕ್ಷೆ. ತಂತ್ರಾಂಶವನ್ನು ಪೂರ್ತಿಯಾಗಿ ನಿಲ್ಲಿಸಿ ಐಕಾನನ್ನು ನೋಡಿ, ಮತ್ತೆ ತೆರೆದು ನೋಡಿ. ತೆರೆದಾಗ ಸರಿ, ನಿಲ್ಲಿಸಿದಾಗ ಹಳೆಯದು ಎಂದಾದರೆ ನಿಮ್ಮ ಸಮಸ್ಯೆ ಇದೇ. ಮ್ಯಾಕ್‌ನಲ್ಲಿ ಇದನ್ನು ಕಣ್ಣಾರೆ ಕಾಣಬೇಕಾದರೆ ಆಕ್ಟಿವಿಟಿ ಮಾನಿಟರ್ ತೆರೆದು, ವ್ಯೂ ಮೆನುವಿನ ಡಾಕ್ ಐಕಾನ್ ಎಂಬಲ್ಲಿ ಸಿಪಿಯು ಯೂಸೇಜ್ ಆರಿಸಿ. ಐಕಾನಿನಲ್ಲೇ ಏರಿಳಿಯುವ ಪಟ್ಟಿಗಳು, ತಂತ್ರಾಂಶವನ್ನು ನಿಲ್ಲಿಸಿದ ಕ್ಷಣವೇ ಮಾಯವಾಗುತ್ತವೆ.

ಹಂತ 2: ಅನುಮತಿ. ತೆರೆದಿರುವಾಗಲೂ ಸಂಖ್ಯೆ ಕಾಣದಿದ್ದರೆ ಮ್ಯಾಕ್‌ನ ನೋಟಿಫಿಕೇಶನ್ಸ್ ಸೆಟ್ಟಿಂಗ್‌ನಲ್ಲಿ ಆ ತಂತ್ರಾಂಶದ ಬ್ಯಾಡ್ಜ್ (ಐಕಾನಿನ ಮೂಲೆಯ ಗುರುತು) ಆಯ್ಕೆಯನ್ನೂ, ವಿಂಡೋಸ್‌ನ ಟಾಸ್ಕ್‌ಬಾರ್ ಸೆಟ್ಟಿಂಗ್‌ನಲ್ಲಿ ಬ್ಯಾಡ್ಜ್ ತೋರಿಸುವ ಆಯ್ಕೆಯನ್ನೂ ಆನ್ ಮಾಡಿ. ವಿಂಡೋಸ್ 10ರಲ್ಲಿ ಟಾಸ್ಕ್‌ಬಾರ್ ಗುಂಡಿಗಳನ್ನು ಚಿಕ್ಕದಾಗಿಸಿಕೊಂಡಿದ್ದರೆ ಬ್ಯಾಡ್ಜ್ ಬರುವುದಿಲ್ಲ.

ಹಂತ 3: ನಿಲ್ಲಿಸದೆ ಬದಿಗಿಡುವುದು. ಎಲ್ಲರೂ ಎಡವುವುದು ಇಲ್ಲಿಯೇ ಆದ್ದರಿಂದ ನಿಧಾನವಾಗಿ ಓದಿ. ಮ್ಯಾಕ್‌ನಲ್ಲಿ ಕಿಟಕಿಯನ್ನು ಮುಚ್ಚುವುದು ಬೇರೆ, ತಂತ್ರಾಂಶವನ್ನು ನಿಲ್ಲಿಸುವುದು ಬೇರೆ. ಮೇಲ್ ಮತ್ತು ಚಾಟ್ ತಂತ್ರಾಂಶಗಳಲ್ಲಿ ಸಾಮಾನ್ಯವಾಗಿ ಎಡಮೂಲೆಯ ಕೆಂಪು ಗುಂಡಿಯನ್ನು ಒತ್ತಿದರೆ ಕಿಟಕಿ ಹೋಗುತ್ತದೆಯೇ ಹೊರತು ತಂತ್ರಾಂಶ ಓಡುತ್ತಲೇ ಇರುತ್ತದೆ, ಸಂಖ್ಯೆಯೂ ಬದಲಾಗುತ್ತಿರುತ್ತದೆ. ಕಮಾಂಡ್ ಮತ್ತು ಕ್ಯೂ ಒತ್ತಿದರೆ ಎಲ್ಲವೂ ನಿಲ್ಲುತ್ತದೆ. ಡಾಕ್‌ನಲ್ಲಿ ಐಕಾನಿನ ಕೆಳಗೆ ಸಣ್ಣ ಚುಕ್ಕಿ ಇದ್ದರೆ ಓಡುತ್ತಿದೆ ಎಂದರ್ಥ. ಆ ಚುಕ್ಕಿಯೇ ಕಾಣದಿದ್ದರೆ ಡಾಕ್ ಸೆಟ್ಟಿಂಗ್‌ನಲ್ಲಿ ಅದನ್ನು ಆಫ್ ಮಾಡಿಟ್ಟಿದ್ದೀರಾ ಎಂದು ನೋಡಿಕೊಳ್ಳಿ. ಕೆಲವು ತಂತ್ರಾಂಶಗಳು ಕೊನೆಯ ಕಿಟಕಿಯನ್ನು ಮುಚ್ಚಿದೊಡನೆ ತಾವೂ ನಿಲ್ಲುತ್ತವೆ. ಅಂಥವುಗಳಿಗೆ ಕಮಾಂಡ್ ಮತ್ತು ಎಚ್ ಒತ್ತಿ ಮರೆಮಾಡುವುದೇ ಸರಿ. ನನ್ನನ್ನು ಕೇಳಿದರೆ ಎಲ್ಲಕ್ಕೂ ಅದನ್ನೇ ರೂಢಿಸಿಕೊಳ್ಳಿ.

ವಿಂಡೋಸ್‌ನ ಲೆಕ್ಕಾಚಾರವೇ ಬೇರೆ. ಅಲ್ಲಿ ಬಹುಪಾಲು ತಂತ್ರಾಂಶಗಳು ಬಲಮೂಲೆಯ ಗುಣಾಕಾರ ಚಿಹ್ನೆಯನ್ನು ಒತ್ತಿದರೆ ನಿಂತೇಬಿಡುತ್ತವೆ. ಕೆಲವು ಮಾತ್ರ ಗಡಿಯಾರದ ಪಕ್ಕದ ಟ್ರೇಗೆ ಸರಿದು ಓಡುತ್ತಿರುತ್ತವೆ, ಆದರೆ ಆಗಲೂ ಟಾಸ್ಕ್‌ಬಾರ್‌ನಲ್ಲಿ ಪಿನ್ ಮಾಡಿದ ಐಕಾನಿನ ಮೇಲಿನ ಗುರುತು ಸಾಮಾನ್ಯವಾಗಿ ಹೋಗುತ್ತದೆ. ತಂತ್ರಾಂಶ ಓಡುತ್ತಿದ್ದರೂ ಗುರುತೇಕೆ ಇಲ್ಲ ಎಂದು ತಲೆಕೆಡಿಸಿಕೊಳ್ಳುವವರು ಗಮನಿಸಬೇಕಾದುದೇನೆಂದರೆ, ವಿಂಡೋಸ್ 7ರಿಂದ ಬಂದಿರುವ ಈ ಮೇಲ್ಗುರುತು ಅಂಟಿಕೊಂಡಿರುವುದು ತೆರೆದ ಕಿಟಕಿಯ ಟಾಸ್ಕ್‌ಬಾರ್ ಗುಂಡಿಗೆ. ಕಿಟಕಿಯೇ ಇಲ್ಲವಾದರೆ ಅದಕ್ಕೆ ನೆಲೆಯಿಲ್ಲ. ಆದ್ದರಿಂದ ಮುಚ್ಚಬೇಡಿ, ಮಿನಿಮೈಸ್ ಮಾಡಿ. ಡೆಸ್ಕ್‌ಟಾಪ್ ಮೇಲಿನ ಶಾರ್ಟ್‌ಕಟ್‌ನಲ್ಲಂತೂ ಈ ಗುರುತು ಬರುವುದೇ ಇಲ್ಲ, ಅಲ್ಲಿ ಕಾಯುತ್ತ ಕುಳಿತುಕೊಳ್ಳಬೇಡಿ.

ಹಂತ 4: ತಾನಾಗಿ ಆರಂಭವಾಗುವಂತೆ ಮಾಡುವುದು. ಮ್ಯಾಕ್‌ನಲ್ಲಿ ಡಾಕ್ ಐಕಾನಿನ ಮೇಲೆ ಬಲ ಕ್ಲಿಕ್ ಮಾಡಿ, ಆಪ್ಶನ್ಸ್‌ನಲ್ಲಿ ಓಪನ್ ಅಟ್ ಲಾಗಿನ್ ಆರಿಸಿದರೆ ಮುಗಿಯಿತು. ವಿಂಡೋಸ್‌ನಲ್ಲಿ ತಂತ್ರಾಂಶದ ಶಾರ್ಟ್‌ಕಟ್ಟನ್ನು ಸ್ಟಾರ್ಟಪ್ ಫೋಲ್ಡರಿಗೆ ಹಾಕಿ, ಅದರ ಪ್ರಾಪರ್ಟೀಸ್‌ನಲ್ಲಿ ರನ್ ಎಂಬಲ್ಲಿ ಮಿನಿಮೈಸ್ಡ್ ಎಂದು ಆರಿಸಿ. ಕೆಲವು ತಂತ್ರಾಂಶಗಳು ಈ ಮಾತನ್ನು ಕೇಳದೆ ಕಿಟಕಿ ತೆರೆದೇ ಬರುತ್ತವೆ. ಮೇಲ್, ಚಾಟ್ ಇಂಥವಕ್ಕೆ ಮಾತ್ರ ಇದನ್ನು ಮಾಡಿ. ಕೇವಲ ತಾರೀಖು ನೋಡಲು ಒಂದು ಕ್ಯಾಲೆಂಡರ್ ತಂತ್ರಾಂಶವನ್ನು ದಿನವಿಡೀ ಮೆಮೊರಿಯಲ್ಲಿ ಇಟ್ಟುಕೊಳ್ಳುವುದು ದಂಡ, ಪರದೆಯ ಮೂಲೆಯ ಗಡಿಯಾರವೇ ಅದನ್ನು ತೋರಿಸಬಲ್ಲದು.

ಐಕಾನ್ ರಿಪೇರಿ ಮಾಡುತ್ತೇವೆಂದು ಹಣ ಕೇಳುವ ಉಪಕರಣಗಳನ್ನು ಹಾಕಿಕೊಳ್ಳಬೇಡಿ. ಅವು ಮಾಡುವುದು ಹೆಚ್ಚೆಂದರೆ ಕ್ಯಾಶ್ ಅಳಿಸುವ ಕೆಲಸ, ಅದರಿಂದ ನಿಂತ ತಂತ್ರಾಂಶ ಓಡುವುದಿಲ್ಲ.

ಹಂತ 5, ಬೇಕಿದ್ದರೆ ಮಾತ್ರ: ಸ್ಥಿರ ಚಿತ್ರವನ್ನೇ ಬದಲಿಸುವುದು. ತಪ್ಪು ತಾರೀಖು ಕಣ್ಣಿಗೆ ಚುಚ್ಚುತ್ತಿದ್ದರೆ, ತಾರೀಖೇ ಇಲ್ಲದ ಚಿತ್ರವೊಂದನ್ನು ಹಾಕಿಕೊಳ್ಳಬಹುದು. ಮ್ಯಾಕ್‌ನಲ್ಲಿ ಆ ಚಿತ್ರವನ್ನು ಕಾಪಿ ಮಾಡಿ, ತಂತ್ರಾಂಶದ ಗೆಟ್ ಇನ್ಫೋ ಕಿಟಕಿಯಲ್ಲಿ ಮೇಲಿನ ಎಡಮೂಲೆಯ ಪುಟ್ಟ ಐಕಾನನ್ನು ಆಯ್ಕೆ ಮಾಡಿ ಪೇಸ್ಟ್ ಮಾಡಿ. ಕೆಳಗಿನ ದೊಡ್ಡ ಪ್ರಿವ್ಯೂ ಚಿತ್ರದ ಮೇಲೆ ಪೇಸ್ಟ್ ಮಾಡಲು ಹೆಣಗುವವರು ಬಹಳ. ಅದು ಕೆಲಸ ಮಾಡುವುದಿಲ್ಲ. ವ್ಯವಸ್ಥೆಯ ಜೊತೆಗೇ ಬರುವ ತಂತ್ರಾಂಶಗಳಿಗೆ ಈ ಉಪಾಯ ನಡೆಯದು, ಏಕೆಂದರೆ 2019ರ ಕ್ಯಾಟಲೀನಾ ಆವೃತ್ತಿಯಿಂದೀಚೆಗೆ ಅವು ಬರೆಯಲಾಗದ ಪ್ರತ್ಯೇಕ ವಿಭಾಗದಲ್ಲಿವೆ. ಬದಲಿಸಿದ ಮೇಲೂ ಡಾಕ್‌ನಲ್ಲಿ ಹಳೆಯ ಚಿತ್ರವೇ ಇದ್ದರೆ ಆಕ್ಟಿವಿಟಿ ಮಾನಿಟರ್‌ನಲ್ಲಿ ಡಾಕ್ ಎಂಬ ಹೆಸರನ್ನು ಹುಡುಕಿ ನಿಲ್ಲಿಸಿ, ಅದು ಮರುಕ್ಷಣ ತಾನಾಗಿಯೇ ಏಳುತ್ತದೆ. ತಂತ್ರಾಂಶದ ಹೊಸ ಆವೃತ್ತಿ ಬಂದಾಗ ನೀವು ಹಾಕಿದ ಚಿತ್ರ ಸಾಮಾನ್ಯವಾಗಿ ಅಳಿಸಿಹೋಗುವುದರಿಂದ, ಅದರ ಪ್ರತಿಯೊಂದನ್ನು ಬೇರೆ ಫೋಲ್ಡರಿನಲ್ಲಿ ಉಳಿಸಿಟ್ಟುಕೊಳ್ಳಿ.