ಮೇಪಲ್ ಎಲೆ ಎಲ್ಲಿಂದ ತರೋದು? ಹಲಸಿನೆಲೆಯಲ್ಲೇ ಆನೆ ಮಾಡಿ

ಕಳೆದ ವರ್ಷ ದಸರಾ ರಜೆಗೆ ಮುಂಚೆ ಮಗಳ ಸ್ಕೂಲ್ ಡೈರಿಯಲ್ಲಿ ಒಂದು ಚೀಟಿ ಅಂಟಿಸಿ ಕಳಿಸಿದ್ದರು. ಯುಕೆಜಿ ಮಕ್ಕಳೆಲ್ಲ ‘ಆಟಮ್ ಸೀಸನ್’ ಪ್ರಾಣಿಯ, ಅಂದರೆ ಎಲೆ ಉದುರುವ ಕಾಲದ ಪ್ರಾಣಿಯ, ಕ್ರಾಫ್ಟ್ ಮಾಡಿ ತರಬೇಕಂತೆ. ಮೊಬೈಲ್‌ನಲ್ಲಿ ಹುಡುಕಿದೆ. ಬಂದ ವಿಡಿಯೊಗಳಲ್ಲೆಲ್ಲ ಕೆಂಪು ಮೇಪಲ್ ಎಲೆ, ಪೈನ್ ಮರದ ಕಾಯಿ. ಚಿಕ್ಕಮಗಳೂರಲ್ಲಿ ಮೇಪಲ್ ಎಲ್ಲಿಂದ ತರೋದು? ಪೇಟೆಯಿಂದ ಕಿತ್ತಳೆ ಬಣ್ಣದ ಹಾಳೆ ತಂದು, ಆ ಎಲೆಯ ಆಕಾರಕ್ಕೆ ಕತ್ತರಿಸುತ್ತಾ ಕೂತೆ. ಅರ್ಧ ಗಂಟೆ ಆಯಿತು. ಕತ್ತರಿಸುತ್ತಿದ್ದದ್ದು ನಾನು. ಮಗಳು ಹೊರಗೆ ಜಗಲಿಯಲ್ಲಿ ಎರಡು ಹಲಸಿನೆಲೆ ಕಿವಿಗೆ ಹಿಡಿದುಕೊಂಡು, “ಅಮ್ಮಾ, ನಾನು ಆನೆ” ಅಂತ ಓಡಾಡುತ್ತಿದ್ದಳು. ಕತ್ತರಿ ಕೆಳಗಿಟ್ಟೆ.

ಅಲ್ಲಿಂದ ಶುರುವಾದದ್ದು ಈ ಎಲೆ ಪ್ರಾಣಿಗಳ ಕಾರ್ಖಾನೆ. ಒಂದು ವರ್ಷದಲ್ಲಿ ಕೆಡಿಸಿದ್ದೇ ಜಾಸ್ತಿ. ಕೆಡಿಸಿ ಕಲಿತದ್ದನ್ನು ಬರೆಯುತ್ತಿದ್ದೇನೆ.

ಎಲೆ ಯಾವಾಗ, ಎಲ್ಲಿ

ಚಳಿ ದೇಶಗಳಲ್ಲಿ ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ಎಲೆ ಉದುರುತ್ತದೆ. ಹಗಲು ಚಿಕ್ಕದಾಗಿ ಚಳಿ ಹತ್ತಿರ ಬಂದಾಗ ಮರ ಎಲೆಯಲ್ಲಿರುವ ಹಸಿರನ್ನು ಕಳಚಿಕೊಳ್ಳುತ್ತದೆ. ಅಲ್ಲಿಯವರೆಗೆ ಹಸಿರಿನ ಹಿಂದೆ ಅಡಗಿದ್ದ ಹಳದಿ ಆಗ ಕಾಣಿಸುತ್ತದೆ. ನಮ್ಮ ಶರದೃತು ಹಾಗಲ್ಲ. ಮಳೆ ಕುಡಿದು ಎಲ್ಲ ಹಸಿರಾಗಿರುವ ಕಾಲ ಅದು. ತೇಗ, ಬೂರುಗದಂಥ ಮರಗಳು ಬೋಳಾಗುವುದು ನೆಲದ ತೇವ ಆರಿದ ಮೇಲೆ, ಶಿಶಿರದಲ್ಲಿ, ಅಂದರೆ ಜನವರಿಯಿಂದ ಮಾರ್ಚ್‌ವರೆಗೆ. ಹಾಗಂತ ದಸರಾ ರಜೆಯಲ್ಲಿ ಕೈಕಟ್ಟಿ ಕೂರಬೇಕಿಲ್ಲ. ಹಲಸು, ನೀಲಗಿರಿ, ಕಾಫಿ ತೋಟದ ಸಿಲ್ವರ್ ಓಕ್ ಬುಡಕ್ಕೆ ಯಾವಾಗ ಹೋದರೂ ನಾಲ್ಕು ಎಲೆ ಸಿಕ್ಕೇ ಸಿಗುತ್ತವೆ. ಮನೆ ಮುಂದೆ ನೆರಳಿಗೆ ನೆಟ್ಟ ಕಾಡು ಬಾದಾಮಿ ಇದ್ದರಂತೂ ಅದೃಷ್ಟ. ಉದುರುವ ಮುಂಚೆ ಅದರ ಎಲೆ ಕೆಂಪಾಗುತ್ತದೆ. ಮೇಪಲ್‌ಗೆ ಯಾಕೆ ಅಳಬೇಕು?

ಆರಿಸಲು ಹೋಗುವಾಗ ಒಂದು ಚೀಲ, ಒಂದು ಕೋಲು. ದರಗನ್ನು, ಅಂದರೆ ಉದುರಿ ಬಿದ್ದ ಒಣ ಎಲೆಯ ರಾಶಿಯನ್ನು, ಮೊದಲು ಕೋಲಿನಿಂದ ಕೆದಕಿ, ಆಮೇಲೆ ಮಗುವಿನ ಕೈ. ಚೇಳು, ಹಾವು ಎರಡಕ್ಕೂ ದರಗು ಅಂದರೆ ಇಷ್ಟ. ಅಕ್ಟೋಬರ್‌ನಲ್ಲಿ ಇಂಬಳ (ಜಿಗಣೆ) ಇನ್ನೂ ಹೋಗಿರುವುದಿಲ್ಲ, ಕಾಲು ನೋಡಿಕೊಳ್ಳಿ. ಬೇರೆಯವರ ತೋಟವಾದರೆ ಕೇಳಿ ಹೋಗಿ, ಔಷಧಿ ಹೊಡೆದಿದ್ದಾರಾ ಅಂತಲೂ ಕೇಳಿ. ಸಕಲೇಶಪುರ, ಆಲೂರು ಕಡೆಯವರಿಗೆ ಹೇಳಬೇಕಾಗಿಯೇ ಇಲ್ಲ, ತೋಟಕ್ಕೆ ಇಳಿಯುವ ಮುಂಚೆ ಆನೆ ಎಲ್ಲಿದೆ ಅಂತ ತಿಳಿದುಕೊಂಡೇ ಇಳಿಯುತ್ತಾರೆ. ಎಲೆ ಆನೆ ಮಾಡಲು ಹೋಗಿ ನಿಜದ ಆನೆಗೆ ಎದುರಾಗುವುದು ಬೇಡ.

ಮುಟ್ಟಬಾರದ ಕೆಲವಿವೆ. ಗುಲಗಂಜಿ ನೋಡಲು ಚಂದ, ಕೆಂಪಿಗೆ ಕಪ್ಪು ಚುಕ್ಕೆ, ಪ್ರಾಣಿಯ ಕಣ್ಣಿಗೆ ಹೇಳಿ ಮಾಡಿಸಿದ ಹಾಗಿದೆ. ಆದರೆ ಅದು ಕಡು ವಿಷ. ಹರಳು ಬೀಜವೂ ಹಾಗೆಯೇ. ಇವೆರಡನ್ನೂ ಮನೆಯೊಳಗೇ ತರಬೇಡಿ. ಕಣಗಿಲೆಯ ಎಲೆ, ಹೂವು, ಕಡ್ಡಿ ಎಲ್ಲವೂ ವಿಷ. ಚೇರು ಮರದ ಸೊನೆ ತಾಗಿದರೆ ಚರ್ಮ ಬೊಬ್ಬೆ ಏಳುತ್ತದೆ. ನಸುಗುನ್ನಿ ಕಾಯಿ ಮುಟ್ಟಿ ತುರಿಸಿಕೊಂಡವರ ಕಥೆ ಹಳ್ಳಿಯಲ್ಲಿ ಬೆಳೆದ ಎಲ್ಲರಿಗೂ ಗೊತ್ತು.

ಎಲೆ ಒತ್ತುವುದು: ಇದೇ ದೊಡ್ಡ ಕೆಲಸ

ನಮ್ಮ ಮೊದಲ ಆನೆ ಎರಡೇ ದಿನದಲ್ಲಿ ಸುರುಳಿ ಸುತ್ತಿಕೊಂಡಿತು. ಎರಡನೆಯದಕ್ಕೆ ಬೂಷ್ಟು ಬಂತು. ಎರಡಕ್ಕೂ ಕಾರಣ ಒಂದೇ. ಎಲೆಯನ್ನು ಸರಿಯಾಗಿ ಒಣಗಿಸದೆ ಅಂಟಿಸಿದ್ದೆ.

ತಂದ ಎಲೆಯ ಮಣ್ಣನ್ನು ಒದ್ದೆ ಬಟ್ಟೆಯಿಂದ ಒರೆಸಿ. ಹಳೇ ಪೇಪರ್ ಮಡಿಸಿ ಅದರೊಳಗೆ ಒಂದಕ್ಕೊಂದು ತಾಗದ ಹಾಗೆ ಹರಡಿ. ಮೇಲೆ ಇನ್ನೊಂದು ಪೇಪರ್, ಅದರ ಮೇಲೆ ಭಾರ. ನಾನು ಮಣೆ ಇಟ್ಟು, ಅದರ ಮೇಲೆ ರುಬ್ಬುವ ಕಲ್ಲಿನ ಗುಂಡನ್ನು ಇಡುತ್ತೇನೆ. ಮಿಕ್ಸಿ ಬಂದ ಮೇಲೆ ಅದಕ್ಕೂ ಬೇರೆ ಕೆಲಸ ಇರಲಿಲ್ಲ. ಮಾರನೆಯ ದಿನ ಪೇಪರ್ ಬದಲಿಸಬೇಕು. ಇದನ್ನು ಮರೆತರೆ ಬೂಷ್ಟು ಗ್ಯಾರಂಟಿ, ಯಾಕೆಂದರೆ ಎಲೆಯ ನೀರೆಲ್ಲ ಮೊದಲ ಪೇಪರ್‌ನಲ್ಲಿ ಕೂತಿರುತ್ತದೆ. ನಾಲ್ಕೈದು ದಿನ ಬಿಡಿ. ಹಲಸು, ಬಾದಾಮಿಯಂಥ ದಪ್ಪ ಎಲೆಗೆ ಒಂದು ವಾರ.

ನಾಳೆಯೇ ಶಾಲೆಗೆ ಕೊಡಬೇಕು ಅಂದರೆ ಇಸ್ತ್ರಿ ಪೆಟ್ಟಿಗೆ. ಎರಡು ಪೇಪರ್ ನಡುವೆ ಎಲೆ ಇಟ್ಟು, ಮೇಲೊಂದು ಹತ್ತಿ ಬಟ್ಟೆ ಹಾಸಿ, ಕಡಿಮೆ ಬಿಸಿಯಲ್ಲಿ ಹತ್ತು ಸೆಕೆಂಡ್ ಒತ್ತಿ ತೆಗೆಯಿರಿ. ಹೀಗೆ ಐದಾರು ಸಲ. ಹಬೆ ಬರುವ ಇಸ್ತ್ರಿಯಾದರೆ ಹಬೆ ಬಂದ್ ಮಾಡಿ. ಈ ಕೆಲಸ ದೊಡ್ಡವರದ್ದು.

ತಂದ ಎಲೆ ಆಗಲೇ ಹಪ್ಪಳದ ಹಾಗೆ ಗರಿಗರಿಯಾಗಿ ಮುದುಡಿದ್ದರೆ ಬಿಡಿಸಲು ಹೋಗಬೇಡಿ, ಪುಡಿಯಾಗುತ್ತದೆ. ರಾತ್ರಿ ಜಗಲಿಯ ಮೇಲೆ ಇಬ್ಬನಿಗೆ ಇಟ್ಟುಬಿಡಿ. ಬೆಳಿಗ್ಗೆ ಮೆತ್ತಗಾಗಿರುತ್ತದೆ. ಆಗ ಬಿಡಿಸಿ ಭಾರಕ್ಕೆ ಇಡಬಹುದು. ಇದನ್ನು ಯಾರೂ ಹೇಳಿಕೊಟ್ಟದ್ದಲ್ಲ. ಮರೆತು ಹೊರಗೆ ಬಿಟ್ಟ ಎಲೆಗಳೇ ಕಲಿಸಿದ್ದು.

ಅಂಟು

ಫೆವಿಕಾಲ್ ಸಾಕು. ಆದರೆ ಮಕ್ಕಳು ಅಂಟನ್ನು ಬಳಸುವುದಿಲ್ಲ, ಅದರಲ್ಲಿ ಸ್ನಾನ ಮಾಡುತ್ತಾರೆ. ಅದಕ್ಕೇ ನಮ್ಮನೆಯಲ್ಲಿ ಮೈದಾ ಅಂಟು. ಎರಡು ದೊಡ್ಡ ಚಮಚ ಮೈದಾವನ್ನು ಅರ್ಧ ಲೋಟ ತಣ್ಣೀರಿನಲ್ಲಿ ಗಂಟಿಲ್ಲದ ಹಾಗೆ ಕದಡಿ. ಸಣ್ಣ ಉರಿಯಲ್ಲಿಟ್ಟು ಕೈಬಿಡದೆ ತಿರುವಿ. ಮೂರು ನಾಲ್ಕು ನಿಮಿಷಕ್ಕೆ ಗಂಜಿಯ ಹದಕ್ಕೆ ಬಂದು ಹೊಳಪು ಕಾಣುತ್ತದೆ. ಇಳಿಸಿ ಆರಿಸಿ. ಹಿಂದೆಲ್ಲ ಪೋಸ್ಟರ್ ಅಂಟಿಸುವವರು ಇದಕ್ಕೆ ಮೈಲುತುತ್ತ ಹಾಕುತ್ತಿದ್ದರು, ಕೆಡದಿರಲಿ ಅಂತ. ತೋಟಕ್ಕೆ ಹೊಡೆಯುವ ಬೋರ್ಡೊ ದ್ರಾವಣಕ್ಕೆ ತಂದ ಮೈಲುತುತ್ತ ತೋಟದ ಮನೆಗಳಲ್ಲಿ ಇದ್ದೇ ಇರುತ್ತದೆ. ಮಕ್ಕಳ ಅಂಟಿಗೆ ಅದು ಖಂಡಿತ ಬೇಡ, ವಿಷ. ಆ ದಿನಕ್ಕೆ ಬೇಕಾದಷ್ಟೇ ಅಂಟು ಮಾಡಿ, ಉಳಿದದ್ದನ್ನು ಚೆಲ್ಲಿಬಿಡಿ.

ಅಂಟನ್ನು ಎಲೆಗೆ ಸವರಬೇಡಿ, ಕೆಳಗಿನ ರಟ್ಟಿಗೆ ಸವರಿ. ಎಲೆಗೆ ಸವರಲು ಹೋದರೆ ಮುರಿಯುತ್ತದೆ, ಮಗು ಅಳುತ್ತದೆ. ರಟ್ಟಿಗೆ ಮದುವೆ ಕರೆಯೋಲೆಗಿಂತ ಒಳ್ಳೆಯದು ಇಲ್ಲ. ದಪ್ಪ ಇರುತ್ತದೆ, ಹಿಂಬದಿ ಖಾಲಿ ಇರುತ್ತದೆ, ಎಸೆಯಲು ಮನಸ್ಸು ಬರುವುದಿಲ್ಲ. ಆನೆಯಂಥ ದೊಡ್ಡ ಪ್ರಾಣಿಗೆ ಸ್ವೀಟ್ ಬಾಕ್ಸಿನ ಮುಚ್ಚಳ ಬೇಕಾಗುತ್ತದೆ.

ಈಗ ಪ್ರಾಣಿಗಳು

ಒಂದು ಮಾತು ಮೊದಲೇ ಹೇಳುತ್ತೇನೆ. ‘ಇವತ್ತು ನವಿಲು ಮಾಡೋಣ’ ಅಂತ ಶುರು ಮಾಡಬೇಡಿ. ಎಲೆಗಳನ್ನೆಲ್ಲ ಚಾಪೆಯ ಮೇಲೆ ಹರಡಿ, ‘ಇದು ಯಾರ ಥರ ಇದೆ?’ ಅಂತ ಕೇಳಿ. ಉತ್ತರ ಬರುವವರೆಗೆ ನೀವು ಬಾಯಿ ಮುಚ್ಚಿಕೊಂಡಿರಬೇಕು. ಇದೇ ಕಷ್ಟ.

ಚಿಟ್ಟೆ: ಮೂರು ವರ್ಷದ ಮಗುವಿಗೂ ಬರುತ್ತದೆ. ಮಂದಾರದ ಎಲೆ ನೋಡಿ, ನಡುವೆ ಸೀಳಿದ ಹಾಗೆ ಎರಡು ಭಾಗ. ಅದನ್ನು ಹಾಗೆಯೇ ಅಂಟಿಸಿ, ನಡುವೆ ಒಂದು ಕಡ್ಡಿ, ಮೇಲೆ ಎರಡು ಮೀಸೆ. ಮುಗಿಯಿತು.

ಇಲಿ: ಅರಳಿ ಎಲೆಯ ತುದಿ ಉದ್ದಕ್ಕೆ ಚೂಪಾಗಿ ಇಳಿದಿರುತ್ತದಲ್ಲ, ಅದೇ ಬಾಲ. ಮಳೆನೀರು ಬೇಗ ಜಾರಲಿ ಅಂತ ಇರುವ ತುದಿ ಅದು, ಮಗು ಕೇಳಿದರೆ ಹೇಳಬಹುದು. ತೊಟ್ಟನ್ನು ಒಂದು ಸೆಂಟಿಮೀಟರ್ ಬಿಟ್ಟು ಕತ್ತರಿಸಿದರೆ ಮೂತಿ. ಎರಡೂ ಕಡೆ ಕರಿಬೇವಿನ ಎಲೆ ಇಟ್ಟರೆ ಕಿವಿ. ಅರಳಿಕಟ್ಟೆಯಿಂದ ತರುವುದಾದರೆ ಉದುರಿದ್ದನ್ನಷ್ಟೇ ತನ್ನಿ. ಮರದಿಂದ ಕಿತ್ತರೆ ಅಜ್ಜಿಯಂದಿರು ಸುಮ್ನೆ ಬಿಡುವುದಿಲ್ಲ.

ಮುಳ್ಳುಹಂದಿ ಮತ್ತು ನವಿಲು: ಎರಡಕ್ಕೂ ಸಿಲ್ವರ್ ಓಕ್. ಈ ಎಲೆ ಜರಿಗಿಡದ ಎಲೆಯ ಹಾಗೆ ಸೀಳು ಸೀಳಾಗಿರುತ್ತದೆ, ಒಂದು ಬದಿ ಕಂದು, ಇನ್ನೊಂದು ಬದಿ ಬೆಳ್ಳಿ. ಏಳೆಂಟು ಎಲೆಯನ್ನು ಬೀಸಣಿಗೆಯ ಹಾಗೆ ಜೋಡಿಸಿದರೆ ನವಿಲಿನ ಗರಿ. ಅವನ್ನೇ ತುಂಡು ಮಾಡಿ ಹಿಂದಕ್ಕೆ ಬಾಗಿಸಿ ಒಂದರ ಮೇಲೊಂದು ಅಂಟಿಸಿದರೆ ಮುಳ್ಳು. ನನಗೆ ಮುಳ್ಳುಹಂದಿಯೇ ಇಷ್ಟ. ಎಷ್ಟು ವಕ್ರವಾಗಿ ಅಂಟಿಸಿದರೂ ಮುಳ್ಳಿನ ಹಾಗೇ ಕಾಣುತ್ತದೆ.

ಆನೆ: ಇದಕ್ಕೆ ಸ್ವಲ್ಪ ಪುರುಸೊತ್ತು ಬೇಕು. ಅಗಲವಾದ ಹಲಸಿನೆಲೆ ಒಂದನ್ನು ತೊಟ್ಟು ಮೇಲೆ ಬರುವ ಹಾಗೆ ನಿಲ್ಲಿಸಿ ಅಂಟಿಸಿ, ಅದು ಮುಖ. ಆ ಕಡೆ ಈ ಕಡೆ ಎರಡು ಬಾದಾಮಿ ಎಲೆ, ಅಗಲದ ಭಾಗ ಹೊರಗೆ ಬರಬೇಕು, ಅದು ಕಿವಿ. ಬಾದಾಮಿ ಇಲ್ಲದಿದ್ದರೆ ತೇಗದ ಎಲೆಯನ್ನು ಅರ್ಧ ಮಾಡಿ. ಸೊಂಡಿಲಿಗೆ ನಾವು ಬಹಳ ಒದ್ದಾಡಿದೆವು. ಬಾಳೆ ನಾರು ಇಟ್ಟೆವು, ಹಗ್ಗ ಇಟ್ಟೆವು, ಯಾವುದೂ ಒಪ್ಪಲಿಲ್ಲ. ಒಂದು ದಿನ ಅಣ್ಣನ ಮಗ ನೀಲಗಿರಿ ಎಲೆ ತಂದು ಮುಖದ ಮೇಲೆ ಇಟ್ಟ. ಕುಡುಗೋಲಿನ ಹಾಗೆ ಬಾಗಿದ ಎಲೆ, ಬೂದು ಬಣ್ಣ, ಕೆಳಗೆ ಸಪೂರ. ಇಟ್ಟ ತಕ್ಷಣ ಹಲಸಿನೆಲೆ ಆನೆಯಾಯಿತು. “ನೋಡಿ ಅತ್ತೆ, ಬಾಳೆ ಮುರೀತಿದೆ” ಅಂದ. ಅವರ ಮನೆ ಸಕಲೇಶಪುರದ ಹತ್ತಿರ, ತೋಟದೊಳಗೆ. ಅವನಿಗೆ ಆನೆ ಅಂದರೆ ಸರ್ಕಸ್ಸಿನದ್ದಲ್ಲ, ಹಿತ್ತಲಿಗೆ ಬಂದು ಬಾಳೆ ತಿಂದು ಹೋದದ್ದು. ಅವನ ಆನೆಯ ಪಕ್ಕದಲ್ಲಿ ಯಾವಾಗಲೂ ಒಂದು ಮುರಿದ ಬಾಳೆಗಿಡ ಇರುತ್ತದೆ. ದಂತಕ್ಕೆ ಎರಡು ಕುಂಬಳಕಾಯಿ ಬೀಜ.

ಕಣ್ಣಿಗೆ ಕಾಫಿ ಬೀಜ. ಚಪ್ಪಟೆ ಬದಿ ಮೇಲೆ ಬರಲಿ, ಅದರ ನಡುವಿನ ಗೀರು ಕಾಣಬೇಕು. ಗೀರನ್ನು ಉದ್ದಕ್ಕೆ ನಿಲ್ಲಿಸಿ ಅಂಟಿಸಿದರೆ ಬೆಕ್ಕಿನ ಕಣ್ಣು, ಬೆದರಿಸುತ್ತದೆ. ಅಡ್ಡ ಮಲಗಿಸಿದರೆ ಪ್ರಾಣಿ ನಿದ್ದೆ ಮಾಡುತ್ತದೆ. ಒಂದು ಉದ್ದ, ಒಂದು ಅಡ್ಡ ಇಟ್ಟರೆ ಕಣ್ಣು ಹೊಡೆಯುತ್ತದೆ. ಇದನ್ನು ಕಂಡುಹಿಡಿದ ಸಂಜೆ ನಮ್ಮನೆಯ ಪ್ರಾಣಿಗಳೆಲ್ಲ ಕಣ್ಣು ಹೊಡೆದವು.

ಆದರೆ ಮೂರು ವರ್ಷದ ಒಳಗಿನ ಮಗು ಇದ್ದರೆ ಬೀಜ ಬೇಡ, ಪೆನ್ನಿನಲ್ಲಿ ಚುಕ್ಕೆ ಇಡಿ. ನಮ್ಮನೆಗೆ ಬಂದ ಒಂದು ಪುಟಾಣಿ ಒಮ್ಮೆ ಮೆಣಸಿನ ಕಾಳನ್ನು ಮೂಗಿಗೆ ತುರುಕಿಕೊಂಡಿತ್ತು. ನಾವು ಕಡ್ಡಿ ಹಾಕಿ ತೆಗೆಯಲು ಹೋಗಿ ಇನ್ನೂ ಒಳಗೆ ತಳ್ಳಿದೆವು. ಅದು ತಪ್ಪು. ಏನೂ ಹಾಕಿ ಕೆದಕದೆ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಬೇಕು. ನಾವು ಕೊನೆಗೆ ಹೋದದ್ದೂ ಅಲ್ಲಿಗೇ.

ಉಳಿದ ಚೂರುಗಳಿಗೆ ಮಕರ

ಹದಿನೈದು ಇಪ್ಪತ್ತು ನಿಮಿಷವಾದ ಮೇಲೆ ಮಕ್ಕಳಿಗೆ ಬೇಜಾರು ಬರುತ್ತದೆ. ಚಾಪೆ ತುಂಬಾ ಮುರಿದ ಎಲೆ ಬಿದ್ದಿರುತ್ತವೆ. ಗುಡಿಸಬೇಡಿ. ಹಳೇಬೀಡಿನ ಹೊಯ್ಸಳೇಶ್ವರ ದೇವಸ್ಥಾನದ ಗೋಡೆ ನೆನಪಿದೆಯಾ? ಕೆಳಗಿನ ಸಾಲಿನಲ್ಲಿ ಆನೆಗಳು, ಅದರ ಮೇಲೆ ಸಿಂಹ, ಇನ್ನೂ ಮೇಲೆ ಕುದುರೆ. ಹಾಗೇ ಮೇಲಕ್ಕೆ ಹೋದರೆ ಹಂಸದ ಸಾಲಿನ ಕೆಳಗೆ ಒಂದು ವಿಚಿತ್ರ ಪ್ರಾಣಿ ಇದೆ, ಮಕರ. ಬಾಯಿ ಮೊಸಳೆಯದ್ದು, ಸೊಂಡಿಲು ಆನೆಯದ್ದು, ಬಾಲ ನವಿಲಿನದ್ದು. 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಗೋಡೆ ಅದು. ಸುಮಾರು 900 ವರ್ಷದ ಹಿಂದಿನ ಶಿಲ್ಪಿಗಳೇ ಚೂರು ಸೇರಿಸಿ ಪ್ರಾಣಿ ಮಾಡಿದ್ದಾರೆ, ನಾವು ಮಾಡಿದರೇನು?

ಮುರಿದ ನೀಲಗಿರಿ ಎಲೆ ಸೊಂಡಿಲಾಯಿತು. ಸಿಲ್ವರ್ ಓಕ್ ಚೂರು ಬಾಲವಾಯಿತು. ಹಲಸಿನೆಲೆಯ ಅಂಚನ್ನು ಗರಗಸದ ಹಾಗೆ ಕತ್ತರಿಸಿದರೆ ಮೊಸಳೆಯ ಹಲ್ಲು. ಇದಕ್ಕೆ ಸರಿ ತಪ್ಪು ಇಲ್ಲವಾದ್ದರಿಂದ ಆನೆ ಕೆಟ್ಟಿತೆಂದು ಮುನಿಸಿಕೊಂಡ ಮಗುವೂ ವಾಪಸ್ ಬಂದು ಕೂರುತ್ತದೆ. ಐದು ವರ್ಷದ ಮಗಳು ತನ್ನ ಮಕರಕ್ಕೆ ಹನ್ನೊಂದು ಕಾಲು ಇಟ್ಟಳು. ಎಣಿಸಿಯೇ ಇಟ್ಟದ್ದಂತೆ.

ಕೆಡದ ಹಾಗೆ ಇಡುವುದು

ಅಂಟಿಸಿದ ಮೇಲೆ ಪೇಪರ್ ಮುಚ್ಚಿ ಒಂದು ರಾತ್ರಿ ಮತ್ತೆ ಭಾರಕ್ಕೆ ಇಡಿ. ಕಾಫಿ ಬೀಜದ ಕಣ್ಣು, ಬೀಜದ ದಂತ ಎಲ್ಲ ಅಂಟಿಸುವುದು ಇದಾದ ಮೇಲೆ, ಮಾರನೆಯ ದಿನ. ಮೊದಲೇ ಅಂಟಿಸಿದರೆ ಭಾರಕ್ಕೆ ಎಲೆ ಹರಿಯುತ್ತದೆ. ಕೊನೆಗೆ ಒಂದು ಪಾಲು ಫೆವಿಕಾಲ್‌ಗೆ ಒಂದು ಪಾಲು ನೀರು ಬೆರೆಸಿ ಬ್ರಷ್‌ನಿಂದ ಮೇಲೆ ತೆಳ್ಳಗೆ ಸವರಿ. ಹಾಕುವಾಗ ಬೆಳ್ಳಗಿರುತ್ತದೆ, ಮಗು “ಅಯ್ಯೋ ಹಾಳಾಯ್ತು” ಅನ್ನುತ್ತದೆ. ಒಣಗಿದ ಮೇಲೆ ಕಾಣುವುದಿಲ್ಲ, ಎಲೆಯೂ ಏಳುವುದಿಲ್ಲ.

ಶಾಲೆಗೆ ಮಗಳು ಆನೆಯನ್ನೇ ತೆಗೆದುಕೊಂಡು ಹೋದಳು. ‘ಆಟಮ್ ಎಲ್ಲಿದೆ ಇದರಲ್ಲಿ’ ಅಂತ ಕೇಳಿದರಂತೆ. “ಬಿದ್ದಿತ್ತು, ಎತ್ಕೊಂಡು ಬಂದೆ” ಅಂದಳಂತೆ. ಒಂದು ಸ್ಟಾರ್ ಹಾಕಿ ಕಳಿಸಿದ್ದರು.

ಏನೇ ಮಾಡಿದರೂ ಜೂನ್ ಮಳೆ ಹಿಡಿದ ಮೇಲೆ ಬೂಷ್ಟು ಬರುತ್ತದೆ, ಮಲೆನಾಡಲ್ಲಿ ಬಟ್ಟೆ, ಚಪ್ಪಲಿಗೇ ಬರುತ್ತದೆ. ಬೂಷ್ಟು ಬಂದದ್ದನ್ನು ಗೊಬ್ಬರದ ಗುಂಡಿಗೆ ಹಾಕಿ. ನಮ್ಮ ಮುಳ್ಳುಹಂದಿ, ಇಲಿ, ನವಿಲು ಎಲ್ಲ ಈ ಮಳೆಗಾಲದಲ್ಲಿ ಅಲ್ಲಿಗೇ ಹೋದವು. ಹನ್ನೊಂದು ಕಾಲಿನ ಮಕರ ಮಾತ್ರ ಅಜ್ಜಿಯ ಮನೆಯ ಸೌದೆ ಒಲೆಯ ಮೇಲಿನ ಅಟ್ಟದಲ್ಲಿ, ಒಣಮೆಣಸಿನಕಾಯಿ ಡಬ್ಬದ ಪಕ್ಕ, ಹೊಗೆ ತಿನ್ನುತ್ತಾ ಬೆಚ್ಚಗೆ ಇದೆ.